ಲಾಂಡ್ರಿ ಕೋಣೆಯ ಚಪ್ಪಾಳೆ

ಶುಗರ್ ಲ್ಯಾಂಡ್, ಹೂಸ್ಟನ್
9 ಫೆಬ್ರವರಿ 2025

ಶಕುಂತಲಾ ಅವರಿಗೆ ವೇಣುಗೋಪಾಲನ ನಮಸ್ಕಾರಗಳು.

ಈ ಅಕ್ಷರ ನೋಡಿಯೇ ಯಾರದ್ದೆಂದು ಗೊತ್ತಾಗಿರಬೇಕು. ನನ್ನ ಕೈಬರಹ ಓದುವುದಕ್ಕೆ ಮೆಡಿಕಲ್ ಶಾಪಿನವರನ್ನೇ ಕರೆಸಬೇಕು ಅಂತ ನಿಮ್ಮ ಮೋಹನರಾಜ ತಮಾಷೆ ಮಾಡುತ್ತಿದ್ದ. ಅವನು ಹೋಗಿ ಎರಡು ವರ್ಷವಾಯಿತು. ಅವತ್ತು ನಿಮ್ಮ ಮನೆಯಲ್ಲಿ ನಿಮ್ಮನ್ನು ನೋಡಿದ್ದೇ ಕೊನೆ. ಫೋನ್ ಮಾಡಬಹುದಿತ್ತು. ಮೂರು ಸಲ ನಿಮ್ಮ ನಂಬರ್ ಒತ್ತಿ, ಮೂರು ಸಲವೂ ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಆದ್ದರಿಂದ ಕಾಗದ.

ರಾಯ್ಸ್ ಪೆಟಿಗ್ರೂ ತೀರಿಕೊಂಡ. ಜನವರಿ ಇಪ್ಪತ್ತೊಂದಕ್ಕೆ, ಆಸ್ಟಿನ್‌ನಲ್ಲಿ. ಪತ್ರಿಕೆಯಲ್ಲಿ ಆರು ಸಾಲು ಹಾಕಿದ್ದರು. ‘ಟೆಕ್ಸಾಸ್‌ನ ಪವರ್ ಪಾಪ್ ಗಾಯಕ’ ಅಂತ. ಆರೇ ಸಾಲು! ನನಗೆ ಬಂದ ಸಿಟ್ಟಿಗೆ ಬೆಳಗಿನ ಕಾಫಿ ಆರಿಹೋಯಿತು.

ನಿಮಗೆ ನೆನಪಿರಬೇಕು, ಡಾಲಸ್‌ನ ಪಕ್ಕದ ಗಾರ್ಲೆಂಡ್‌ನಲ್ಲಿ ನಮ್ಮ ಆ ಅಪಾರ್ಟ್‌ಮೆಂಟ್. ಮೇಲೆ ನೀವು ಮತ್ತು ಮೋಹನ, ಎದುರಿಗೆ ನಾನು, ಕೆಳಗೆ ರಾಯ್ಸ್. ಹಗಲು ಫರ್ನಿಚರ್ ಅಂಗಡಿಯ ವ್ಯಾನ್ ಓಡಿಸುತ್ತಿದ್ದ, ಸಂಜೆ ಗಿಟಾರು. ಗಿಟಾರು ಜೋರು, ರಾಗ ಸಿಹಿ, ಹಾಡು ಮೂರೇ ನಿಮಿಷ. ಅದಕ್ಕೆ ಪವರ್ ಪಾಪ್ ಅನ್ನುತ್ತಾರೆಂದು ಅವನೇ ನನಗೆ ಹೇಳಿಕೊಟ್ಟದ್ದು. ಮೂರು ನಿಮಿಷದಲ್ಲಿ ಹೇಳಲಾಗದ ಪ್ರೀತಿ ಮೂರು ವರ್ಷ ಕೊಟ್ಟರೂ ಹೇಳಲಾಗುವುದಿಲ್ಲ ಅನ್ನುತ್ತಿದ್ದ. ನಾನು ಮದುವೆಯಾಗದೆ ಉಳಿದವನು, ಆ ಮಾತಿಗೆ ತಲೆಯಾಡಿಸುವುದು ಸುಲಭವಾಗಿತ್ತು.

ಎಲ್ಲರೂ ಬಟ್ಟೆ ಒಗೆಯುತ್ತಿದ್ದ ಆ ಲಾಂಡ್ರಿ ಕೋಣೆಯ ದಿನ. ಸಿಮೆಂಟ್ ಗೋಡೆಗೆ ಸದ್ದು ಚೆನ್ನಾಗಿ ಗುಂಯ್‌ಗುಡುತ್ತದೆ ಅಂತ ಅವನು ನಾಲ್ಕು ಸದ್ದನ್ನು ಬೇರೆಬೇರೆಯಾಗಿ ತುಂಬುವ ತನ್ನ ನಾಲ್ಕು ಟ್ರ್ಯಾಕಿನ ರೆಕಾರ್ಡರನ್ನು ಅಲ್ಲೇ ತಂದಿಟ್ಟಿದ್ದ. ಮೂರು ಟ್ರ್ಯಾಕ್ ತುಂಬಿತ್ತು, ಒಂದೇ ಉಳಿದಿತ್ತು. ಆ ಒಂದರಲ್ಲಿ ಅವನ ಕೊನೆಯ ಪಲ್ಲವಿಯೂ ಚಪ್ಪಾಳೆಯೂ ಒಟ್ಟಿಗೇ ಕೂರಬೇಕಿತ್ತು. ಚಪ್ಪಾಳೆಗೆ ನನ್ನನ್ನು ಕರೆದ. ನಾಲ್ಕು ಎಣಿಸಿ ಎರಡಕ್ಕೆ, ನಾಲ್ಕಕ್ಕೆ ತಟ್ಟು ಅಂದ. ನಾನು ಮೂರಕ್ಕೂ ತಟ್ಟಿದೆ, ಮೂರೂವರೆಗೂ ತಟ್ಟಿದೆ. ಪಾಪ, ಬೈಯಲಿಲ್ಲ. ‘ವೇಣು, ನೀನು ಬಾಗಿಲು ಹಿಡಿದುಕೋ’ ಅಂದ. ನೀವು ಡ್ರೈಯರಿನಿಂದ ಬಟ್ಟೆ ತೆಗೆಯಲು ಬಂದವರು ಸೀರೆಯ ಮೇಲೆ ಮೋಹನನ ಸ್ವೆಟರು ಹಾಕಿಕೊಂಡು ನಿಂತಿದ್ದಿರಿ. ‘ಮೇಡಂ, ನೀವು ಸ್ವಲ್ಪ ಲೆಕ್ಕ ಹಿಡಿಯುತ್ತೀರಾ?’ ಅಂದ. ಮೈಸೂರಿನಲ್ಲಿ ಒಂಬತ್ತು ವರ್ಷ ಸಂಗೀತ ಕಲಿತ ಹುಡುಗಿಗೆ ಲೆಕ್ಕ ಹಿಡಿ ಅಂದರೆ ಏನು ಮಾಡುತ್ತಾಳೆ? ಆದಿತಾಳ ಹಾಕಿದಿರಿ. ಒಂದು ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು. ಒಂದು ತಟ್ಟು, ಒಂದು ಬೀಸು. ಒಂದು ತಟ್ಟು, ಒಂದು ಬೀಸು. ಎಂಟು ಎಣಿಕೆಯಲ್ಲಿ ಟೇಪಿಗೆ ಬಿದ್ದದ್ದು ಒಂದು, ಐದು, ಏಳು. ಬೆರಳಿಗೂ ಬೀಸಿಗೂ ಸದ್ದಿಲ್ಲವಲ್ಲ! ರಾಯ್ಸ್ ಕಣ್ಣು ಮುಚ್ಚಿಕೊಂಡು ಹಾಡಿದ.

ಈಗ ಆಡಬೇಕಾದ ಮಾತು. ಆ ಹಾಡು ರೆಕಾರ್ಡಾಗಿ ಹೊರಗೆ ಬರಲೇ ಇಲ್ಲ ಎಂದು ನಾನು ನಿಮಗೆ ಹೇಳಿದ್ದು ಸುಳ್ಳು. ‘ಲಾಂಡ್ರಿ ಡೇ, ಗಾರ್ಲೆಂಡ್’ 1983ರ ಫೆಬ್ರವರಿಯಲ್ಲಿ ಬಂತು, ಐನೂರು ಪ್ರತಿ. ನೀವು ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದಿರಿ. ಕವರಿನ ಹಿಂದೆ ಹಾಕಲು ರಾಯ್ಸ್ ಚಪ್ಪಾಳೆಯವರ ಹೆಸರು ಕೇಳಿದಾಗ ನಾನು ನನ್ನ ಹೆಸರು ಕೊಟ್ಟೆ. ಸೊಸೆಯ ಹೆಸರು ರಾಕ್ ರೆಕಾರ್ಡಿನ ಮೇಲೆ ಬಂದರೆ ನಿಮ್ಮ ಮಾವನವರು ಏನನ್ನುತ್ತಾರೋ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಅದಲ್ಲ. ನನಗೆ ಅಲ್ಲಿ ನನ್ನ ಹೆಸರು ಬೇಕಾಗಿತ್ತು. ನೀವು ವಾಪಸು ಬಂದು ಕೇಳಿದಾಗ ಕವರು ತೋರಿಸಲು ಮುಖವಿರಲಿಲ್ಲ, ಅದಕ್ಕೆ ಬರಲೇ ಇಲ್ಲ ಅಂದೆ. ಅಷ್ಟರಲ್ಲಿ ರಾಯ್ಸ್ ಕೂಡ ಆಸ್ಟಿನ್‌ಗೆ ಮನೆ ಬದಲಿಸಿದ್ದ.

ಈಗ ಅವನ ಒಳ್ಳೆಯ ಹಾಡುಗಳನ್ನೆಲ್ಲ ಸೇರಿಸಿ ಹೊಸ ರೆಕಾರ್ಡ್ ತರುತ್ತಿದ್ದಾರೆ. ಜೂನ್ ಮಧ್ಯದಲ್ಲಿ ಕವರು ಅಚ್ಚಿಗೆ ಹೋಗುತ್ತದೆ. ಅದರ ಮೇಲೆ ನಿಮ್ಮ ಹೆಸರಿರಬೇಕು. ನೀವು ಒಪ್ಪಬೇಕು, ಸಾಧ್ಯವಾದರೆ ನನ್ನನ್ನು ಕ್ಷಮಿಸಬೇಕು. ಹಳೆಯ ರೆಕಾರ್ಡೊಂದನ್ನು ಇದರ ಜೊತೆ ಕಳಿಸಿದ್ದೇನೆ. ಕೇಳಿ.

ತಪ್ಪಿತಸ್ಥ,
ವೇಣುಗೋಪಾಲ

*

ಶುಗರ್ ಲ್ಯಾಂಡ್
16 ಮಾರ್ಚ್ 2025

ಶಕುಂತಲಾ ಅವರೇ,

ಐದು ವಾರವಾಯಿತು, ನಿಮ್ಮಿಂದ ಒಂದಕ್ಷರ ಇಲ್ಲ. ಪಾರ್ಸೆಲ್ ತಲುಪಿದೆ ಎಂದು ಅಂಚೆಯವರ ವೆಬ್‌ಸೈಟು ಹೇಳುತ್ತಿದೆ. ರೆಕಾರ್ಡು ಒಡೆದಿತ್ತೇ? ಕೇಳಿದಿರಾ? ಬೈಯುವುದಿದ್ದರೆ ಬೈದುಬಿಡಿ. ಆಪರೇಷನ್ ಟೇಬಲ್ ಮೇಲೆ ಜನರಿಗೆ ಮತ್ತು ಬರಿಸಿ ಮೂವತ್ತೈದು ವರ್ಷ ಕೆಲಸ ಮಾಡಿದವನು ನಾನು. ಮಾತಾಡದವರ ಪಕ್ಕ ಕೂರುವುದು ಅಭ್ಯಾಸ. ಆದರೆ ನಿಮ್ಮ ಮೌನದ ಪಕ್ಕ ಕೂರಲು ಆಗುತ್ತಿಲ್ಲ.

ಹೊಸ ರೆಕಾರ್ಡು ತರುತ್ತಿರುವವನ ಹೆಸರು ತರುಣ್. ನಮ್ಮವನೇ, ಅಪ್ಪ ಅಮ್ಮ ಬೆಂಗಳೂರಿನವರು. ಟೇಲರ್ ಊರಿನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್, ಮನೆ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ. ಶನಿವಾರ ಭಾನುವಾರ ಬಂದರೆ ಹಳೇ ಟೆಕ್ಸಾಸ್ ಹಾಡುಗಳ ಹಿಂದೆ ಬೀಳುತ್ತಾನೆ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹೋದ ವಾರ ಮೂರು ಗಂಟೆ ಡ್ರೈವ್ ಮಾಡಿಕೊಂಡು ನನ್ನ ಮನೆಗೆ ಬಂದಿದ್ದ. ಬಾಗಿಲಲ್ಲೇ ಕಾಲಿಗೆ ನಮಸ್ಕಾರ ಮಾಡಿದ. ಇಂಥ ಹಾಡುಗಳ ಹುಚ್ಚರ ಗುಂಪೊಂದು ಇಂಟರ್ನೆಟ್ಟಿನಲ್ಲಿ ಇದೆಯಂತೆ. ಅಲ್ಲಿ ಒಂದು-ಐದು-ಏಳಕ್ಕೆ ‘ವೇಣು ಚಪ್ಪಾಳೆ’ ಅಂತಲೇ ಹೆಸರಂತೆ. ‘ಅಂಕಲ್, ಒಂದ್ಸಲ ತಟ್ಟಿ ತೋರಿಸಿ’ ಎಂದು ಇಂಗ್ಲಿಷಿನಲ್ಲಿ ಕೇಳಿದ. ತಟ್ಟಿದೆ, ತಾಳ ತಪ್ಪಿತು. ಅವನ ಮುಖ ಸಪ್ಪಗಾಯಿತು. ‘ಅಂಕಲ್‌ಗೆ ವಯಸ್ಸಾಯ್ತಪ್ಪ, ಕೈ ನಡುಗುತ್ತೆ’ ಅಂದುಬಿಟ್ಟೆ. ನಲವತ್ತೆರಡು ವರ್ಷದ ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿತು. ಹೇಡಿತನಕ್ಕೆ ರಿಟೈರ್ಮೆಂಟ್ ಇಲ್ಲವೆಂದು ಕಾಣುತ್ತದೆ.

ಇಡೀ ಮಧ್ಯಾಹ್ನ ರಾಯ್ಸ್‌ನ ಹಾಡು ಕೇಳಿದೆವು. ‘ಬ್ರೌನ್ ಗ್ರಾಸ್, ಬ್ಲೂ ಕಾರ್’ ನೀವು ಕೇಳಬೇಕು. ಆಗಸ್ಟಿನ ಬಿಸಿಲಿಗೆ ಒಣಗಿದ ಹುಲ್ಲು, ಅದರ ಮೇಲೆ ನಿಲ್ಲಿಸಿದ ಗೆಳತಿಯ ಕಾರು, ಅಷ್ಟೇ ವಿಷಯ. ಎರಡನೇ ಸಾಲಿಗೆ ಸ್ವರ ಮೇಲೇರುವಾಗ ಅವನ ಗಂಟಲು ಒಂದು ಕ್ಷಣ ಒಡೆಯುತ್ತದೆ. ಬೇರೆಯವರಾದರೆ ಇನ್ನೊಮ್ಮೆ ಹಾಡುತ್ತಿದ್ದರು. ಇವನು ಹಾಗೇ ಬಿಟ್ಟ. ಆ ಒಡಕಿನಲ್ಲೇ ಗೆಳತಿ ವಾಪಸು ಬರುವುದಿಲ್ಲವೆಂದು ಗೊತ್ತಾಗುತ್ತದೆ. 1987ರಲ್ಲಿ ಇಲ್ಲಿ ಹೂಸ್ಟನ್ ರೇಡಿಯೋದಲ್ಲಿ ಒಬ್ಬನೇ ಗಿಟಾರು ಹಿಡಿದು ಹಾಡಿದ ‘ಎಕ್ಸಿಟ್ ನಲವತ್ತೊಂದು’ ಕೂಡ ತರುಣನ ಹತ್ತಿರ ಇದೆ. ಹೆದ್ದಾರಿಯಲ್ಲಿ ಮನೆಗೆ ತಿರುಗುವ ದಾರಿ ತಪ್ಪಿಸಿಕೊಂಡು ಮುಂದೆ ಹೋದವನ ಹಾಡು. ಇಂಥ ಹಾಡು ಬರೆದವನನ್ನು ಪಕ್ಕದ ರಾಜ್ಯ ಒಕ್ಲಹೋಮದಲ್ಲೂ ಕೇಳಿದವರಿಲ್ಲ! ಟೆಕ್ಸಾಸ್ ದಾಟದ ಹೆಸರು ಅವನದ್ದು. ಅದಕ್ಕೆ ಅವನು ಕೊರಗಿದ್ದನ್ನು ನಾನು ನೋಡಲಿಲ್ಲ.

ಆದರೆ ಎಲ್ಲದರಲ್ಲೂ ಮೊದಲನೆಯದು ‘ಲಾಂಡ್ರಿ ಡೇ’ಯೇ. ನಿಮ್ಮ ಬೆರಳು ಎಣಿಸುವ ಆ ಖಾಲಿ ಜಾಗದಲ್ಲಿ ಅವನ ಗಿಟಾರು ಬಂದು ಕೂರುತ್ತದಲ್ಲ, ಅದಕ್ಕೆ ಸಮ ಯಾವುದೂ ಇಲ್ಲ.

ಉತ್ತರ ಬರೆಯಿರಿ.

ವೇಣುಗೋಪಾಲ

*

ಫ್ರಿಸ್ಕೋ
2 ಏಪ್ರಿಲ್ 2025

ವೇಣು ಅವರಿಗೆ,

ರೆಕಾರ್ಡ್ ಒಡೆದಿರಲಿಲ್ಲ. ನನ್ನ ಹತ್ತಿರ ಮೊದಲೇ ಒಂದಿತ್ತು. ಈಗ ಎರಡಾಯಿತು.

1991ರಲ್ಲಿ ಆಸ್ಟಿನ್‌ಗೆ ಹೋಗಿದ್ದೆವು. ಮಗ ಹಳೇ ಕಾಮಿಕ್ಸ್ ಬೇಕೆಂದು ಹಟ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಎಳೆದುಕೊಂಡು ಹೋದ. ಅಲ್ಲಿ ಒಂದು ಡಬ್ಬದಲ್ಲಿ ಸಿಕ್ಕಿತು. ಕವರಿನ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ವಾಷಿಂಗ್ ಮಷಿನ್ನಿನ ಚಿತ್ರ. ಅಂಗಡಿಯವನು ಹಾಕಿ ಕೇಳಿಸಿದ. ಮೋಹನ್ ನನ್ನ ಪಕ್ಕದಲ್ಲೇ ನಿಂತಿದ್ದರು. ಚಪ್ಪಾಳೆ ಬಂದಾಗ ನನ್ನ ಕೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕಿತು. ಆಮೇಲೆ ಅವರು ಕವರಿನ ಹಿಂಭಾಗ ಓದಿದರು.

ಆ ವರ್ಷ ನಿಮ್ಮ ಮನೆಯ ಗೃಹಪ್ರವೇಶಕ್ಕೆ ನಾವು ಬರಲಿಲ್ಲ. ಮೋಹನ್‌ಗೆ ಜ್ವರ ಅಂದಿದ್ದೆ. ಜ್ವರ ಇರಲಿಲ್ಲ. ‘ಅವನ ಮನೇಲಿ ನಾನು ಊಟ ಮಾಡಲ್ಲ’ ಅಂದರು. ಸಾಯುವವರೆಗೂ ಆ ಮಾತು ಬಿಡಲಿಲ್ಲ. ನೀವು ಕೆಲಸ ಜಾಸ್ತಿ, ಅದಕ್ಕೆ ಮೋಹನ ಬರುತ್ತಿಲ್ಲ ಅಂತ ತಿಳಿದುಕೊಂಡಿರಿ.

ಹೆಸರಿಗಾಗಿ ನನಗೆ ಸಿಟ್ಟಿಲ್ಲ. ನಿಮ್ಮ ಕಾಗದದಲ್ಲಿ ಬರೀ ಹೆಸರಿನ ಮಾತೇ ಇದೆ, ಅದಕ್ಕೇ ಉತ್ತರ ಬರೆಯಲು ಮನಸ್ಸಾಗಲಿಲ್ಲ. ರೆಕಾರ್ಡ್ ಬರಲೇ ಇಲ್ಲ ಅಂದಿರಲ್ಲ, ಆಗ ನಾನೇನು ತಿಳಿದುಕೊಂಡೆ ಅಂತ ಎಂದಾದರೂ ಯೋಚಿಸಿದಿರಾ? ಅವನು ಕೇಳಿದ್ದು ಒಂದು, ನಾನು ಹಾಕಿದ್ದು ಒಂದು. ಉಳಿದಿದ್ದ ಒಂದೇ ಟ್ರ್ಯಾಕನ್ನು ನಾನು ಕೆಡಿಸಿದೆ, ಅದಕ್ಕೆ ಪಾಪ ಆ ಮನುಷ್ಯ ಹಾಡನ್ನೇ ಬಿಟ್ಟುಬಿಟ್ಟ ಅಂತ ತಿಳಿದುಕೊಂಡೆ. ಎಂಟು ವರ್ಷ. ಕನ್ನಡ ಸಂಘದಲ್ಲಿ ಹಾಡಲು ಕರೆದರೆ ಗಂಟಲು ಸರಿ ಇಲ್ಲ ಅನ್ನುತ್ತಿದ್ದೆ. ಮಕ್ಕಳಿಗೆ ಪಾಠ ಹೇಳಿಕೊಡಿ ಅಂದರೆ ಬರುವುದಿಲ್ಲ ಅನ್ನುತ್ತಿದ್ದೆ. ಇಪ್ಪತ್ತೈದರಿಂದ ಮೂವತ್ಮೂರು. ಹಾಡುವ ವಯಸ್ಸು ಅದು.

ಶಕುಂತಲಾ

*

ಶುಗರ್ ಲ್ಯಾಂಡ್
20 ಏಪ್ರಿಲ್ 2025

ಶಕುಂತಲಾ ಅವರೇ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ತಮಾಷೆ ಮಾಡಲು ಇವತ್ತು ಏನೂ ಹೊಳೆಯುತ್ತಿಲ್ಲ.

ನಾನು ಹೆಸರು ಕದ್ದೆ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡದನ್ನು ಕದ್ದಿದ್ದೇನೆ. ಹಾಡುವ ವಯಸ್ಸು ಅದು ಎಂದು ಬರೆದಿರಲ್ಲ, ಅಲ್ಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಮೋಹನನ ಸಿಟ್ಟು ನ್ಯಾಯವಾದದ್ದು. ಅವನು ದೂರವಾದದ್ದಕ್ಕೆ ನಾನು ಅವನನ್ನೇ ಮನಸ್ಸಿನಲ್ಲಿ ಬೈದುಕೊಂಡಿದ್ದೆ. ಅವನು ಬದುಕಿದ್ದಾಗ ಹೇಳಿಕೊಳ್ಳಲು ನಲವತ್ತು ವರ್ಷ ಇತ್ತು ನನಗೆ.

ನಾಳೆಯೇ ತರುಣ್‌ಗೆ ಫೋನ್ ಮಾಡಿ ಎಲ್ಲ ಹೇಳಿ, ಕವರಿನಲ್ಲಿ ನಿಮ್ಮೊಬ್ಬರ ಹೆಸರು ಹಾಕಿಸುತ್ತೇನೆ. ನನ್ನ ಹೆಸರು ಎಲ್ಲೂ ಬೇಡ. ಸರಿಯೇ?

ವೇಣು

*

ಫ್ರಿಸ್ಕೋ
6 ಮೇ 2025

ವೇಣು ಅವರಿಗೆ,

ಸರಿಯಲ್ಲ. ಫೋನಿನಲ್ಲಿ ಬೇಡ.

ಜೂನ್ ಎಂಟು ಭಾನುವಾರ ಮಧ್ಯಾಹ್ನ ಆಸ್ಟಿನ್‌ನಲ್ಲಿ ರಾಯ್ಸ್‌ನ ನೆನಪಿಗೆ ಎಲ್ಲರೂ ಸೇರುತ್ತಾರಂತೆ, ಮಗ ಇಂಟರ್ನೆಟ್ಟಿನಲ್ಲಿ ನೋಡಿ ಹೇಳಿದ. ನಿಮ್ಮನ್ನು ಮಾತಾಡಲು ಕರೆದಿದ್ದಾರೆ ಅಂತಲೂ ಅದರಲ್ಲಿದೆ. ನೀವು ಅದನ್ನು ನನಗೆ ಬರೆಯಲಿಲ್ಲ. ಅಲ್ಲಿ, ಅಷ್ಟೂ ಜನರ ಮುಂದೆ, ನಿಮ್ಮ ಬಾಯಿಂದ ಹೇಳಿ.

ನಾನು ಬರುವುದಿಲ್ಲ. ನಾನು ಎದುರಿಗೆ ಕೂತಿದ್ದರೆ ನೀವು ಹೇಗಿದ್ದರೂ ಹೇಳುತ್ತೀರಿ. ನಾನಿಲ್ಲದಾಗ ಹೇಳಿ.

ಇನ್ನೊಂದು ವಿಷಯ ನಿಮಗೆ ತಿಳಿದಿರಲಿ. 1992ರಲ್ಲಿ ಮೋಹನ್ ನನ್ನನ್ನು ಆಸ್ಟಿನ್‌ನಲ್ಲಿ ರಾಯ್ಸ್ ಹಾಡುವ ಕಡೆಗೆ ಕರೆದುಕೊಂಡು ಹೋದರು. ಹಾಡು ಮುಗಿಸಿ ಕೆಳಗಿಳಿದವನು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದ. ನನ್ನ ಎರಡೂ ಕೈ ಹಿಡಿದುಕೊಂಡು ‘ಇಷ್ಟು ದಿನ ಎಲ್ಲಿದ್ದಿರಿ? ನನ್ನ ಹಾಡಿನಲ್ಲಿ ಅತಿ ಒಳ್ಳೆಯ ಭಾಗ ನಿಮ್ಮದು’ ಅಂದ. ವೇಣು ಹೆಸರಿದೆಯಲ್ಲ ಅಂತ ಮೋಹನ್ ಕೇಳಿದರು. ಕೆಲಸ ಮಾಡಿದವರ ಹೆಸರು ಬರೆದುಕೊಡು ಅಂತ ನಿಮಗೆ ಹೇಳಿದ್ದನಂತೆ. ನೀವು ಕೊಟ್ಟ ಚೀಟಿಯಲ್ಲಿ ಒಂದೇ ಹೆಸರಿತ್ತಂತೆ. ನನಗೇ ಹೆಸರು ಬೇಡವಾಗಿತ್ತೇನೋ, ಅದಕ್ಕೆ ನೀವು ನಿಮ್ಮದು ಹಾಕಿದಿರಿ ಎಂದು ತಿಳಿದನಂತೆ. ಈಗಲೇ ಎಲ್ಲ ಕಡೆ ತಿದ್ದಿಸುತ್ತೇನೆ ಅಂದ. ನಾನೇ ಬೇಡ ಅಂದೆ. ಹಾಕಿದವರೇ ತೆಗೆಯಲಿ ಅಂದೆ.

ಯಾಕೆ ಬೇಡ ಅಂದೆ ಅಂತ ಮೋಹನ್ ದಾರಿಯುದ್ದಕ್ಕೂ ಕೇಳಿದರು. ಗಾರ್ಲೆಂಡ್‌ಗೆ ಬಂದ ಮೊದಲ ತಿಂಗಳು, ಇಂಗ್ಲಿಷ್ ಬಾರದೆ ನಾನು ಮನೆಯಿಂದ ಹೊರಗೇ ಹೋಗದೆ ಅಳುತ್ತಿದ್ದಾಗ, ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ನನಗೆ ಬಸ್ಸು ಹತ್ತುವುದು, ಅಂಗಡಿಯಲ್ಲಿ ಮಾತಾಡುವುದು ಕಲಿಸಿದವರು ನೀವು. ಅಂಥವರು ಒಂದು ದಿನ ತಾವಾಗಿ ಹೇಳಿಯೇ ಹೇಳುತ್ತಾರೆ ಅಂದೆ. ಮೋಹನ್ ನಕ್ಕರು.

ಅವರು ನಕ್ಕಿದ್ದು ತಪ್ಪು ಅಂತ ಆಗಲಿ.

ಶಕುಂತಲಾ

*

ಶುಗರ್ ಲ್ಯಾಂಡ್
11 ಜೂನ್ 2025

ಶಕುಂತಲಾ ಅವರೇ,

ಹೇಳಿದೆ.

ಮೂರು ಗಂಟೆ ಡ್ರೈವ್ ಮಾಡುತ್ತಾ ಭಾಷಣ ಬಾಯಿಪಾಠ ಮಾಡಿಕೊಂಡಿದ್ದೆ. ಲಾ ಗ್ರೇಂಜ್ ಊರು ದಾಟುವಾಗ ವಾಪಸು ತಿರುಗಿಬಿಡೋಣ ಅನ್ನಿಸಿತು. ರಾಯ್ಸ್‌ನ ಹಾಡಿನ ಮನುಷ್ಯನ ಹಾಗೆ ದಾರಿ ತಪ್ಪಿತು ಅಂದರೆ ಯಾರು ಕೇಳುತ್ತಾರೆ? ಆದರೆ ನೀವು ಮೋಹನನಿಗೆ ಹೇಳಿದ ಮಾತು ಪಕ್ಕದ ಸೀಟಿನಲ್ಲಿ ಕೂತಿತ್ತು. ತಿರುಗಿಸಲಿಲ್ಲ.

ಇನ್ನೂರು ಜನ ಇದ್ದರು. ಹೆಚ್ಚಿನವರು ನಮ್ಮ ವಯಸ್ಸಿನವರು, ತಲೆ ಬೆಳ್ಳಗಾಗಿ, ಹಳೇ ಟೀ ಶರ್ಟು ಹೊಟ್ಟೆಗೆ ಬಿಗಿಯಾಗಿ. ‘ಚಪ್ಪಾಳೆಯ ವೇಣು’ ಅಂತ ನನ್ನನ್ನು ಕರೆದಾಗ ಎಲ್ಲರೂ ಎದ್ದು ನಿಂತರು. ನನ್ನ ಜೀವಮಾನದಲ್ಲಿ ಯಾರೂ ನನಗೆ ಎದ್ದು ನಿಂತದ್ದಿಲ್ಲ. ನಾನು ನೋಡಿದವರೆಲ್ಲ ಮಲಗಿಯೇ ಇರುತ್ತಿದ್ದರು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ‘ಆ ಚಪ್ಪಾಳೆ ನನ್ನದಲ್ಲ. ಶಕುಂತಲಾ ಎಂಬ ಗೆಳತಿಯದು. ನಾನು ಅವರ ಹೆಸರನ್ನು ಮುಚ್ಚಿಟ್ಟೆ, ಆಮೇಲೆ ಅವರಿಗೆ ಸುಳ್ಳು ಹೇಳಿದೆ, ಆ ಸುಳ್ಳಿನಿಂದ ಅವರು ಎಂಟು ವರ್ಷ ಹಾಡಲಿಲ್ಲ’ ಅಂದೆ. ಅಷ್ಟೇ.

ಆಮೇಲೆ ರಾಯ್ಸ್‌ನ ಜೊತೆ ಮೂವತ್ತು ವರ್ಷ ಡ್ರಮ್ ಬಾರಿಸಿದ ಹೆಂಗಸು ಮುಂದಿನ ಸಾಲಿನಿಂದ ಗಟ್ಟಿಯಾಗಿ ಹೇಳಿದಳು: ‘ನಮಗೆಲ್ಲ ಗೊತ್ತು ಮಾರಾಯ. ನೀನು ಯಾವಾಗ ಹೇಳ್ತೀಯ ಅಂತ ಕಾಯ್ತಾ ಇದ್ವಿ.’ ಕನ್ನಡದಲ್ಲಿ ಹೇಳಲಿಲ್ಲ ಬಿಡಿ, ಆದರೆ ಧಾಟಿ ಅದೇ. ಬ್ಯಾಂಡಿನವರಿಗೆಲ್ಲ 1992ರಲ್ಲೇ ರಾಯ್ಸ್ ಹೇಳಿದ್ದನಂತೆ, ಶಕುಂತಲಾ ಕಾಯಲು ಹೇಳಿದ್ದಾರೆ, ಯಾರೂ ಬಾಯಿ ಬಿಡಬೇಡಿ ಅಂತ. ಅವನು ಆ ಹಾಡು ಹಾಡುವಾಗಲೆಲ್ಲ ಹಿಂದಿನ ಸಾಲಿನ ಕಡೆ ನೋಡುತ್ತಿದ್ದನಂತೆ, ನೀವು ಬಂದಿದ್ದೀರೇನೋ ಎಂದು. ನಿಮ್ಮ ಗುಟ್ಟು ಅಷ್ಟು ಜನ ಕಾಪಾಡಿದರು, ಅವರ ಮಧ್ಯೆ ನನ್ನ ಗುಟ್ಟು ಕಾಪಾಡುತ್ತಿದ್ದವನು ನಾನೊಬ್ಬನೇ.

ತರುಣ್‌ಗೆ ಗೊತ್ತಿರಲಿಲ್ಲ. ಅವನು ಅರ್ಧ ಗಂಟೆ ನನ್ನ ಕಡೆ ನೋಡಲಿಲ್ಲ. ಆಮೇಲೆ ಬಂದು ಪಕ್ಕದಲ್ಲಿ ಕೂತು, ಮೊದಲ ಸಲ ಕನ್ನಡದಲ್ಲಿ ಮಾತಾಡಿದ. ‘ಅಂಕಲ್, ಅದು ಹೇಗೆ ಎಣಿಸೋದು?’ ಅಂದ. ತೋರಿಸಿದೆ. ಕಿರುಬೆರಳು, ಉಂಗುರಬೆರಳು, ನಡುಬೆರಳು. ಅವನು ಮೈಕಿನ ಮುಂದೆ ನಿಂತು ಎಲ್ಲರಿಗೂ ತೋರಿಸಿದ. ಬ್ಯಾಂಡಿನವರು ‘ಲಾಂಡ್ರಿ ಡೇ’ ನುಡಿಸಿದರು. ಇನ್ನೂರು ಜನ ಟೆಕ್ಸಾಸ್‌ನವರು ಬೆರಳು ಮಡಚುತ್ತಾ ಆದಿತಾಳ ಹಾಕಿದ್ದನ್ನು ನೀವು ನೋಡಬೇಕಿತ್ತು. ನಾನು ತಟ್ಟಲಿಲ್ಲ. ಬಾಗಿಲ ಹತ್ತಿರ ಹೋಗಿ ನಿಂತುಕೊಂಡೆ. ಅದು ನನ್ನ ಜಾಗ.

ಈಗ ಒಂದು ಪ್ರಶ್ನೆ. ಹಳೆಯ ಟೇಪನ್ನು ತರುಣ್ ಕಂಪ್ಯೂಟರಿಗೆ ಹಾಕಿ ಶುಚಿ ಮಾಡುತ್ತಿದ್ದಾನೆ. ಎರಡು ನಿಮಿಷ ಮೂವತ್ತೊಂದು ಸೆಕೆಂಡಿನಲ್ಲಿ, ಕೊನೆಯ ಪಲ್ಲವಿಯಲ್ಲಿ, ತಾಳಕ್ಕೆ ಸೇರದ ಒಂದು ಚಪ್ಪಾಳೆ ಇದೆಯಂತೆ. ದೂರದಿಂದ ಬಂದ ಹಾಗೆ. ಆಗಿನ ಕಾಲದಲ್ಲಿ ತೆಗೆಯಲು ಹೋದರೆ ರಾಯ್ಸ್‌ನ ದನಿಯೂ ಹೋಗುತ್ತಿತ್ತು. ಈಗ ಕಂಪ್ಯೂಟರು ಅದೊಂದನ್ನೇ ಎತ್ತಿಬಿಡುತ್ತದೆ. ನಿಮ್ಮ ತಾಳ ತಪ್ಪುವುದಿಲ್ಲ ಎಂದು ನನಗೆ ಗೊತ್ತು, ಅದು ಏನೋ ಯಂತ್ರದ ಸದ್ದಿರಬೇಕು. ತೆಗೆದುಬಿಡಲೇ ಎಂದು ತರುಣ್ ಕೇಳುತ್ತಿದ್ದಾನೆ. ಚಪ್ಪಾಳೆ ನಿಮ್ಮದು, ನೀವೇ ಹೇಳಬೇಕು.

ವೇಣು

*

ಫ್ರಿಸ್ಕೋ
17 ಜೂನ್ 2025

ವೇಣು ಅವರಿಗೆ,

ತೆಗೆಯಬಾರದು ಅಂತ ತರುಣ್‌ಗೆ ನಾನೇ ಫೋನ್ ಮಾಡಿ ಹೇಳಿದೆ. ಒಳ್ಳೆಯ ಹುಡುಗ. ನನ್ನ ಇಂಗ್ಲಿಷ್ ಚೆನ್ನಾಗಿದೆ ಅಂದ. ನಿಮ್ಮ ಶಿಷ್ಯೆ ಅಂತ ಹೇಳಲಿಲ್ಲ.

ಆ ಭಾನುವಾರದ ವಿಡಿಯೋವನ್ನೂ ಕಳಿಸಿದ. ನೀವು ಮಾತಾಡಿದ್ದನ್ನು ಮೋಹನ್ ಅವರ ಫೋಟೋದ ಎದುರಿಗೆ ಜೋರಾಗಿ ಹಾಕಿದೆ. ಕೈ ನಡುಗುವುದಿಲ್ಲ ನಿಮಗೆ, ಕಾಲು ನಡುಗುತ್ತದೆ. ಮುಂದಿನ ಭಾನುವಾರ ಊಟಕ್ಕೆ ಬನ್ನಿ. ಬಿಸಿಬೇಳೆಬಾತ್ ಮಾಡುತ್ತೇನೆ. ಅವರು ನಿಮ್ಮ ಮನೆಯಲ್ಲಿ ಊಟ ಮಾಡದೆ ಹೋದರು, ನೀವು ಅವರ ಮನೆಯಲ್ಲಿ ಮಾಡಿ. ಊಟವಾದ ಮೇಲೆ ನಾನು ಒಂದು ಹಾಡು ಹೇಳುತ್ತೇನೆ. ಗಂಟಲು ಹೇಗಿದ್ದರೂ ಸುಮ್ಮನೆ ಕೂತು ಕೇಳಬೇಕು.

ಆ ತಪ್ಪು ಚಪ್ಪಾಳೆ ಯಂತ್ರದ್ದಲ್ಲ. ನಿಮಗೆ ನಿಜವಾಗಿಯೂ ನೆನಪಿಲ್ಲವೇ? ನೀವು ಬೆನ್ನನ್ನು ಬಾಗಿಲಿಗೆ ಕೊಟ್ಟು ನಿಂತಿದ್ದಿರಿ. ಕೊನೆಯ ಪಲ್ಲವಿಗೆ ರಾಯ್ಸ್‌ನ ಸ್ವರ ಮೇಲೇರಿತು. ನಾನು ಉಂಗುರಬೆರಳು ಮಡಚುತ್ತಿದ್ದೆ. ನಿಮಗೆ ಎಲ್ಲ ಮರೆತುಹೋಗಿ, ಖುಷಿಗೆ, ಒಂದೇ ಒಂದು ಸಲ ತಟ್ಟಿಬಿಟ್ಟಿರಿ. ತಕ್ಷಣ ನಾಲಿಗೆ ಕಚ್ಚಿಕೊಂಡಿರಿ. ರಾಯ್ಸ್ ಕಣ್ಣು ಮುಚ್ಚಿಕೊಂಡೇ ನಕ್ಕ. ಆ ನಗು ಅವನ ದನಿಯಲ್ಲಿ ಕೇಳಿಸುತ್ತದೆ, ಮುಂದಿನ ಸಾಲಿನಲ್ಲಿ. ಅಂಗಡಿಯಲ್ಲಿ ಮೊದಲ ಸಲ ಕೇಳಿದಾಗ ನನಗೆ ಅಳು ಬಂದದ್ದು ನನ್ನ ಚಪ್ಪಾಳೆಗಲ್ಲ, ಅದಕ್ಕೆ.

ಕವರಿನ ಹಿಂದೆ ಏನು ಹಾಕಬೇಕೆಂದು ತರುಣ್‌ಗೆ ಬರೆದುಕೊಟ್ಟಿದ್ದೇನೆ. ಅಚ್ಚಿಗೆ ಹೋಗಿಯಾಯಿತು, ನೀವಿನ್ನು ತಿದ್ದಲು ಆಗುವುದಿಲ್ಲ.

ಚಪ್ಪಾಳೆ: ಶಕುಂತಲಾ.
ಒಂದು ಚಪ್ಪಾಳೆ: ವೇಣು.

ನಿಮ್ಮ ಗೆಳತಿ,
ಶಕುಂತಲಾ